ದೇವರ ಹೋರಿಯ ಮಾಲೀಕ

ಜೂನ್ ೯, ಸೋಮವಾರ

ಪಂಚಾಯಿತಿ ಸಭೆ ಇವತ್ತು ಊಟದ ಹೊತ್ತಿಗೇ ಮುಗಿಯಿತು. ಹಿಂದಿನ ಅಧ್ಯಕ್ಷರ ಕಾಲದಲ್ಲಿ ಚಹಾದ ಮೇಲೆ ಚಹಾ, ಜಗಳದ ಮೇಲೆ ಜಗಳ ಆಗಿ ದೀಪ ಹಚ್ಚುವ ಹೊತ್ತಾದರೂ ಒಂದು ಠರಾವು ಹುಟ್ಟುತ್ತಿರಲಿಲ್ಲ. ನನ್ನ ಪದ್ಧತಿ ಬೇರೆ. ಕೂರುವುದು, ಹೇಳುವುದು, ಏಳುವುದು. ಹೊಸ ಗಟಾರ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಸದಸ್ಯರು ಬಾಯಿ ತೆರೆಯುವ ಮುಂಚೆಯೇ ಹೇಳಿಬಿಟ್ಟೆ. ಸದಸ್ಯೆ ಚಂದ್ರಮತಿ ಏನೋ ಹೇಳಲು ಕೈ ಎತ್ತಿದ್ದಳು. ಅಷ್ಟರಲ್ಲಿ ನಾನು ಎದ್ದಾಗಿತ್ತು. "ಬಾಬಾಸಾಹೇಬರು ಕುಂತ್ರಂದ್ರ ನಿಕಾಲಿ ಆತು ತಿಳಕೋರಿ" ಎಂದು ಉಪಾಧ್ಯಕ್ಷ ಗಂಗಾರಾಮ ಹೊರಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಹೊಗಳಿದನೋ ಆಡಿಕೊಂಡನೋ ಗೊತ್ತಾಗಲಿಲ್ಲ. ಹೊಗಳಿದ ಎಂದೇ ಇಟ್ಟುಕೊಂಡೆ.

ಇಳಿಹೊತ್ತಿನಲ್ಲಿ ಕುರಿಗಾರ ಮಲಕಾರಿ ಏದುಸಿರು ಬಿಡುತ್ತ ಬಂದ.

"ಸಾವಕಾರ್ರ, ಹುಚ್ಚ ನಾಯಿ ಮಾದೇವನ ಮೂತಿ ಹಿಡದಿತ್ರಿ. ಅಂವ ಝಾಡಿಸಿ ಒಗದ. ನಾಯಿ ಕಬ್ಬಿನ್ಯಾಗ ಹೊಕ್ಕೊಂತು."

"ಹುಚ್ಚ ನಾಯಿ ಅಂತ ನಿನಗ ಯಾರು ಹೇಳಿದ್ರೋ?"

"ಜೊಲ್ಲ ಸುರಸ್ಕೋಂತ ಹೊಂಟಿತ್ರಿ. ನನ್ನ ನಾಯಿಗೋಳು ಅದನ್ನ ನೋಡಿ ಬಾಲ ಮುದುಡಿ ಕುಂತ್ವು. ದನದ ಡಾಕ್ಟರ್ ಬಾಯಾರಿಗೆ ಫೋನ್ ಹಚ್ಚೂಣೇನ್ರಿ?"

ಬೇಡ ಎಂದೆ. ರೋಗ ಬಂದಮೇಲೆ ಡಾಕ್ಟರು, ಬರುವ ಮುಂಚೆ ಯಾಕೆ? ಗಾಯಕ್ಕೆ ಅರಿಷಿಣ ಹಚ್ಚು ಎಂದು ಹೇಳಿ ಕಳಿಸಿದೆ. ಆದರೆ ಒಂದು ತಾಪತ್ರಯ ಇದೆ. ಮಾದೇವ ಯಾರದೋ ಕೊಟ್ಟಿಗೆಯ ಹೋರಿಯಲ್ಲ, ಊರಿನ ಹೋರಿ. ದುಂಡವ್ವನ ಮಗ ಮಹಾದೇವ ಹೊಳೆಯ ಮೋಟಾರಿನ ಕರೆಂಟು ಹೊಡೆದು ಸತ್ತ ವರ್ಷ ಅವರ ಆಕಳು ಹಾಕಿದ ಕರು ಅದು. ಮುದುಕಿ ಮಗನ ಹೆಸರಿಟ್ಟು ಬಸವಣ್ಣನ ಗುಡಿಗೆ ಬಿಟ್ಟಳು. ದೇವರಿಗೆ ಬಿಟ್ಟ ಹೋರಿಗೆ ಹಗ್ಗ ಹಾಕುವಂತಿಲ್ಲ, ಕೋಲು ಎತ್ತುವಂತಿಲ್ಲ. ಬೆಳಿಗ್ಗೆ ಹಂಚಿನಿಂದ ಇಳಿದ ಮೊದಲ ರೊಟ್ಟಿ ಅವನದು. ಮನೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹೆಂಗಸರು ಕೈಯಾರೆ ಬಾಯಿಗೆ ಇಟ್ಟು, ಅವನು ನೆಕ್ಕಿದ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನಾಡಿದ್ದು ಕಾರಹುಣ್ಣಿವೆ ಬೇರೆ. ಊರಿಗೆ ಊರೇ ಅವನ ಬಾಯಿಗೆ ಹೋಳಿಗೆ ಇಡುತ್ತದೆ.

ಇದಕ್ಕೂ ಒಂದು ನಿಮಿಷ ಸಾಕಾಯಿತು. ಗುಡಿಯ ಮೈಕಿನಲ್ಲಿ ಹೇಳಿದೆ: ನಾಳೆಯಿಂದ ಮಾದೇವನಿಗೆ ಯಾರೂ ರೊಟ್ಟಿ ಕೊಡಬಾರದು, ಹುಣ್ಣಿವೆಗೆ ಪೂಜೆ ಇಲ್ಲ, ಕೊಟ್ಟವರಿಗೆ ದಂಡ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಜೂನ್ ೧೧, ಬುಧವಾರ. ಕಾರಹುಣ್ಣಿವೆ

ಎಲ್ಲರ ಎತ್ತುಗಳಿಗೂ ಕೋಡಣಸು, ಜೂಲು, ಬಣ್ಣ. ಮಾದೇವ ಮಾತ್ರ ಬರಿಮೈಯಲ್ಲಿ ಗುಡಿಯ ಮುಂದೆ ನಿಂತಿದ್ದ. ಜನ ಬಾಗಿಲಲ್ಲಿ ನಿಂತು ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಯಾರೂ ಮಾತು ಮೀರಲಿಲ್ಲ. ಅಧ್ಯಕ್ಷನ ಮಾತಿಗೆ ಕಿಮ್ಮತ್ತು ಇದೆ ಎಂದಾಯಿತು.

ಹೆಂಡತಿ ಅನುಸೂಯಾ ಹೋಳಿಗೆ ಬಡಿಸಿ ತಾನು ಮುಟ್ಟಲಿಲ್ಲ. "ಹೊಟ್ಟಿ ತುಂಬೇತ್ರಿ" ಅಂದಳು. ಬೆಳಿಗ್ಗೆಯಿಂದ ಅವಳು ಏನೂ ತಿಂದಿದ್ದು ನಾನು ನೋಡಿಲ್ಲ.

ಜೂನ್ ೧೩, ಶುಕ್ರವಾರ

ಇವತ್ತು ನನ್ನ ಮಾನ ಬೀದಿಯಲ್ಲಿ ಹೋಯಿತು. ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಕೂಗು ಎದ್ದಿತು: ಮಾದೇವನಿಗೆ ಹುಚ್ಚು ಹಿಡಿಯಿತು! ಓಡಿದೆ. ಹೋರಿ ಮನೆಮನೆಯ ಬಾಗಿಲಿಗೆ ಕೋಡು ಹಾಕಿ ತಳ್ಳುತ್ತಿತ್ತು. ಗಂಗಾರಾಮನ ಕದದ ಪಟ್ಟಿ ಮುರಿದಿತ್ತು. ಒಳಗಿದ್ದವರು ಕಿರುಚಿದಷ್ಟೂ ಅದು ಇನ್ನೊಂದು ಬಾಗಿಲಿಗೆ ಹೋಗುತ್ತಿತ್ತು. ಗಂಡಸರು ಬಡಿಗೆ, ಕೊಡಲಿ ಹಿಡಿದು ನನ್ನ ಬಾಯಿ ನೋಡುತ್ತಿದ್ದರು. ಬಂದೂಕು ಇರುವವರನ್ನು ಕರೆಸಿ ಗುಂಡು ಹಾಕಿಸಿಬಿಡೋಣ ಎಂದೆ. ಹೌದು, ಅಂದೇಬಿಟ್ಟೆ. ಫೋನನ್ನೂ ತೆಗೆದಿದ್ದೆ.

ಅಷ್ಟರಲ್ಲಿ ದುಂಡವ್ವ ಜನರ ನಡುವೆ ನುಗ್ಗಿ ಬಂದಳು. ತಲೆಯ ಮೇಲೆ ರೊಟ್ಟಿ ಬುಟ್ಟಿ.

"ಯಾರಿಗೆ ಬೇ ಹುಚ್ಚು? ಮುಂಜಾನಿ ಬಂದು ನಿಂತ್ರ ಬಾಗಲಾ ತಗಿಯವಲ್ರಿ. ಬಾಯಿಲ್ಲದ ಜೀವ ಹೆಂಗ ಕೇಳಬೇಕು? ಬಾಗಲಾ ಬಡದು ಕೇಳಾಕತ್ತಾನ. ಹಸದಾನ ಅಂವ!"

ಅಲ್ಲೇ ನೆಲಕ್ಕೆ ಕೂತು ಒಂದೊಂದೇ ರೊಟ್ಟಿ ಕೊಟ್ಟಳು. ಹೋರಿ ತಿಂದಿತು. ಬಕೆಟ್ಟು ತರಿಸಿ ನೀರು ಇಟ್ಟಳು, ಕುಡಿಯಿತು. ಕೊಡಲಿ ಹಿಡಿದವರೆಲ್ಲ ಕೊಡಲಿಯನ್ನು ಹಿಂದೆ ಮುಚ್ಚಿಟ್ಟುಕೊಂಡರು.

ಇದೇ ಹೊತ್ತಿಗೆ ಪಶುವೈದ್ಯೆ ಪ್ರಾಜಕ್ತಾ ಸ್ಕೂಟರಿನಲ್ಲಿ ಬಂದಿಳಿದಳು. ಯಾರು ಕರೆದದ್ದು? ಅನುಸೂಯಾ. ನನ್ನ ಹೆಂಡತಿ, ನನ್ನನ್ನು ಒಂದು ಮಾತೂ ಕೇಳದೆ.

"ಹುಚ್ಚ ಹತ್ತಿದ ದನಕ್ಕ ನೀರ ಇಳಿಯೂದಿಲ್ರಿ, ಗಂಟಲು ಕಟ್ತೈತಿ. ಇದು ಬರೀ ಹಸಿವಿ" ಎಂದಳು ಪ್ರಾಜಕ್ತಾ. ಮೂತಿಯ ಗಾಯ ನೋಡಿದ ಮೇಲೆ ಮುಖ ಸಣ್ಣದಾಯಿತು. "ಸಾಹೇಬ್ರ, ನಾಯಿ ಕಡದ ದಿನಾನ ನನಗ ಹೇಳಬೇಕಾಗಿತ್ತು. ಸಾಬಾಣ ಹಚ್ಚಿ ತೊಳದು ಅವತ್ತ ಇಂಜೆಕ್ಷನ್ ಸುರು ಮಾಡ್ತಿದ್ದೆ."

"ಈಗ ಮಾಡಿದ್ರ?"

"ಮಾಡೂಣ್ರಿ. ತಲಿಗೆ ಹತ್ರ ಕಡದೈತಿ. ಉಳೀತಾನ ಅಂತ ಮಾತ ಕೊಡಾಕ ಆಗೂದಿಲ್ಲ. ಒಂದೆರಡ ತಿಂಗಳು ಕಟ್ಟಿ ಹಾಕಿ ನೋಡ್ಕೋಬೇಕು."

ಗಾಯ ಮುಟ್ಟಿದ ಮಲಕಾರಿಯನ್ನು ಕೂಡಲೇ ಆಸ್ಪತ್ರೆಗೆ ಕಳಿಸಿ ಎಂದಳು. ಅದಾಯಿತು. ಆದರೆ ಕಟ್ಟುವವರು ಯಾರು? ದೇವರ ಹೋರಿಗೆ ಹಗ್ಗ ಹಾಕು ಎಂದರೆ ಎಲ್ಲರೂ ತಮ್ಮ ತಮ್ಮ ಪಾದ ನೋಡಿಕೊಂಡರು. ನಾನೂ ನೋಡಿಕೊಂಡೆ.

"ತಾರ್ರಿ ಹಗ್ಗ" ಎಂದಳು ದುಂಡವ್ವ. "ಬಸವಣ್ಣಗ ಬಿಟ್ಟಾಗ ಕೊಳ್ಳಾನ ಹಗ್ಗ ನಾನ ಬಿಚ್ಚೀನಿ. ಈಗ ನಾನ ಕಟ್ತೀನಿ. ಪಾಪ ಬಂದ್ರ ನನಗ ಬರ್ಲಿ." ಗುಡಿಯ ಹಿಂದಿನ ಬೇವಿನ ಮರಕ್ಕೆ ಕಟ್ಟಿದಳು. ಅವನು ತಲೆ ಬಗ್ಗಿಸಿಕೊಂಡು ಕಟ್ಟಿಸಿಕೊಂಡ.

ಜೂನ್ ೧೪, ಶನಿವಾರ

ಮೈಕಿನಲ್ಲಿ ಹೇಳಿದೆ. ಮಾದೇವನಿಗೆ ರೊಟ್ಟಿ ಕೊಡಬೇಡಿ ಎಂದದ್ದು ತಪ್ಪಾಯಿತು, ಕೊಡಿ, ಆದರೆ ಕೈಯಿಂದ ಬೇಡ, ಬುಟ್ಟಿಯಲ್ಲಿ ಹಾಕಿ ಕೋಲಿನಿಂದ ಮುಂದೆ ಸರಿಸಿ ಎಂದು. 'ತಪ್ಪಾಯಿತು' ಎನ್ನುವಾಗ ಕೆಮ್ಮು ಬಂತು. ಮೈಕಿನ ದೋಷ ಎಂದು ಜನ ತಿಳಿದುಕೊಂಡಿದ್ದರೆ ಒಳ್ಳೆಯದು.

ಜೂನ್ ೨೨, ಭಾನುವಾರ

ಇಂಜೆಕ್ಷನ್ ನಡೆದಿವೆ. ಬೆಳಿಗ್ಗೆ ದ್ರಾಕ್ಷಿ ತೋಟಕ್ಕೆ ಹೋಗುವ ಮುಂಚೆ ಬೇವಿನ ಮರದ ಕಡೆ ಹಾಯ್ದು ಹೋಗುತ್ತೇನೆ. ದುಂಡವ್ವ ಅಲ್ಲೇ ಗೋಣಿಚೀಲ ಹಾಸಿಕೊಂಡು ಕೂತಿರುತ್ತಾಳೆ. ನಾನೂ ಸ್ವಲ್ಪ ಕೂರುತ್ತೇನೆ. ಇವತ್ತು ಅವಳಾಗಿ ಮಗನ ವಿಷಯ ತೆಗೆದಳು. ಮಹಾದೇವನಿಗೆ ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು ಇದ್ದರೆ ಬೇರೇನೂ ಬೇಡವಾಗಿತ್ತಂತೆ. ಕೇಳುತ್ತ ಕೂತೆ. ತೋಟಕ್ಕೆ ಹೋಗುವಷ್ಟರಲ್ಲಿ ಆಳುಗಳು ಬಂದು ಕೆಲಸ ಶುರು ಮಾಡಿಬಿಟ್ಟಿದ್ದರು.

ಜೂನ್ ೩೦, ಸೋಮವಾರ

ಸಭೆ ಸಂಜೆಯವರೆಗೂ ಎಳೆಯಿತು. ಯಾಕೋ ಇತ್ತೀಚೆಗೆ ಸದಸ್ಯರಿಗೆ ಮಾತು ಜಾಸ್ತಿಯಾಗಿದೆ. ಗಟಾರದ ವಿಷಯದಲ್ಲಿ ಚಂದ್ರಮತಿಗೆ ಏನನ್ನಿಸುತ್ತದೆ ಎಂದು ಕೇಳಿದ್ದೇ ತಡ, "ನೀರ ಆ ಕಡೆ ಏರತೈತೇನ್ರಿ ಅಧ್ಯಕ್ಷರ? ಇಳಕಲ ಇರೂದು ಈ ಕಡೆ" ಎಂದಳು. ಎಲ್ಲರೂ ಹೋಗಿ ನೋಡಿದೆವು. ಇಳಿಜಾರು ಅವಳು ಹೇಳಿದ ಕಡೆಗೇ ಇದೆ. ಠರಾವು ತಿದ್ದಿಸಿದೆ. ಚಹಾ ಎರಡು ಸಲ ತರಿಸಬೇಕಾಯಿತು.

ಜುಲೈ ೯, ಬುಧವಾರ. ಬೆಂದೂರ

ಗಡಿಯವರ ಭಾಗ್ಯ, ಎತ್ತಿನ ಹಬ್ಬ ವರ್ಷಕ್ಕೆ ಎರಡು ಸಲ. ಕಾರಹುಣ್ಣಿವೆ ನಮ್ಮದು, ಬೆಂದೂರ ಮಹಾರಾಷ್ಟ್ರದ್ದು, ನಾವು ಎರಡನ್ನೂ ಬಿಡುವುದಿಲ್ಲ. ಮಾದೇವ ಚೆನ್ನಾಗಿದ್ದಾನೆ, ಮೈ ತುಂಬಿದ್ದಾನೆ. ಹೋದ ಹಬ್ಬದಲ್ಲಿ ತಪ್ಪಿದ ಪೂಜೆ ಈಗ ಮಾಡಬೇಕು ಎಂದು ಹೆಂಗಸರು ಮನೆಗೆ ಬಂದು ಕೇಳಿದರು. ನಾನು ಪ್ರಾಜಕ್ತಾಳಿಗೆ ಫೋನು ಮಾಡಿ ಕೇಳಿದೆ. "ದೂರಿಂದ ಮಾಡ್ರಿ, ಮುಟ್ಟಬ್ಯಾಡ್ರಿ" ಎಂದಳು. ಉದ್ದ ಗಳದ ತುದಿಗೆ ಹಾರ ಸಿಕ್ಕಿಸಿ ಕೊರಳಿಗೆ ಹಾಕಿದೆವು. ಹಾರವನ್ನೇ ತಿಂದುಬಿಟ್ಟ. ಊರೆಲ್ಲ ನಕ್ಕಿತು. ನಾನು ಜೋರಾಗಿ ನಕ್ಕೆ ಎಂದು ಅನುಸೂಯಾ ಮನೆಗೆ ಬಂದು ಹೇಳಿದಳು, ಹಾಗೆ ನಕ್ಕದ್ದನ್ನು ನೋಡಿ ಬಹಳ ದಿನ ಆಗಿತ್ತಂತೆ.

ದುಂಡವ್ವ ಮಾತ್ರ ಎಲ್ಲರೂ ಅತ್ತ ತಿರುಗಿದಾಗ ಒಂದು ಹೋಳಿಗೆಯನ್ನು ಕೈಯಿಂದಲೇ ಅವನ ಬಾಯಿಗೆ ಇಟ್ಟದ್ದನ್ನು ಕಂಡೆ. ಹೇಳಬೇಕಿತ್ತು. ಹಬ್ಬದ ದಿನ ಮುದುಕಿಯನ್ನು ಗದರುವುದು ಬೇಡ ಎನ್ನಿಸಿತು.

ಜುಲೈ ೧೩, ಭಾನುವಾರ

ಬೆಳಿಗ್ಗೆ ಹೋದಾಗ ರೊಟ್ಟಿ ಬುಟ್ಟಿಯಲ್ಲಿ ಹಾಗೇ ಇತ್ತು. ನೀರಿಗೆ ಮೂತಿ ಇಟ್ಟ, ಕುಡಿಯಲು ಆಗಲಿಲ್ಲ. ನೀರು ಬಾಯಿಯ ಎರಡೂ ಕಡೆ ಹೊರಗೆ ಸುರಿಯಿತು. ಗಂಟಲಿನಿಂದ ಬರುವ ಕೂಗು ಮಾದೇವನದಲ್ಲ.

ಪ್ರಾಜಕ್ತಾ ಬಂದಳು. ದೂರದಿಂದ ನೋಡಿ ತಲೆ ಅಲ್ಲಾಡಿಸಿದಳು. ನಾನು ಕೇಳಲೇಬಾರದೆಂದುಕೊಂಡಿದ್ದನ್ನು ಕೇಳಿದೆ.

"ಅವತ್ತ ಕರದಿದ್ರ ಉಳೀತಿದ್ನೇನವಾ?"

"ಉಳದರೂ ಉಳೀತಿದ್ದ, ಇಲ್ಲದಿದ್ರೂ ಇಲ್ರಿ. ಖರೇನ ಹೇಳಾಕ ಬರೂದಿಲ್ಲ."

ಅವಳು ಒಳ್ಳೆಯ ಹುಡುಗಿ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಜುಲೈ ೧೪, ಸೋಮವಾರ

ಹೋರಿ ಮರಕ್ಕೆ ಹಣೆ ಹೊಡೆದುಕೊಳ್ಳುತ್ತಿದೆ. ಹಗ್ಗದ ಮೇಲೆ ಇನ್ನೊಂದು ಹಗ್ಗ ಹಾಕಿಸಿದೆವು. ಶಾಲೆಗೆ ರಜೆ ಕೊಡಿಸಿದೆ, ಮಕ್ಕಳು ಹೋಗುವ ದಾರಿ ಗುಡಿಯ ಹಿಂದೆಯೇ ಇದೆ.

ಪ್ರಾಜಕ್ತಾ ಹೇಳಿದ್ದು ಇಷ್ಟು. ಇನ್ನು ಉಳಿಯುವುದಿಲ್ಲ. ತಾನಾಗಿ ಹೋಗಲು ಎಷ್ಟು ದಿನ ಬೇಕೋ ಹೇಳಲಾಗದು. ಅಲ್ಲಿಯವರೆಗೆ ನೀರಿಲ್ಲ, ನಿದ್ದೆಯಿಲ್ಲ. ಹಗ್ಗ ಹರಿದರೆ ಊರಿನೊಳಗೆ ನುಗ್ಗುತ್ತದೆ. ಮಾಲೀಕರು ಒಪ್ಪಿಗೆ ಬರೆದುಕೊಟ್ಟರೆ ಇಂಜೆಕ್ಷನ್ ಕೊಟ್ಟು ಮತ್ತೆ ಏಳದಂತೆ ಮಲಗಿಸುತ್ತಾಳೆ.

"ಇದಕ್ಕ ಮಾಲೀಕರು ಯಾರ್ರಿ?"

"ಬಸವಣ್ಣ" ಎಂದೆ.

"ಬಸವಣ್ಣನ ಸಹಿ ನಡಿಯೂದಿಲ್ರಿ ಸಾಹೇಬ್ರ."

ದೊಡ್ಡ ಚಿಂತೆ ದುಂಡವ್ವನ ಬಗ್ಗೆ. ಅವಳ ಬೆರಳ ತುಂಬ ಹುಲ್ಲು ಕೊಯ್ದ ಕುಡುಗೋಲಿನ ಗಾಯಗಳು. ಮೊನ್ನೆಯವರೆಗೂ ಕೈಯಿಂದ ತಿನ್ನಿಸಿದ್ದಾಳೆ. ಕೂಡಲೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳದಿದ್ದರೆ ಹೋರಿಗೆ ಬಂದದ್ದು ಅವಳಿಗೂ ಬರಬಹುದು. ಬಂದರೆ ಔಷಧವಿಲ್ಲ. ಕೈ ಮುಗಿದು ಹೇಳಿದೆವು. "ಅಂವ ಇರೂತನಕ ನಾ ಇಲ್ಲಿಂದ ಏಳೂದಿಲ್ಲ" ಎಂದು ಗೋಣಿಚೀಲದ ಮೇಲೆ ಕೂತವಳು ಕೂತೇ ಇದ್ದಾಳೆ. ಎತ್ತಿಕೊಂಡು ಹೋಗೋಣ ಎಂದು ಗಂಗಾರಾಮ ಅಂದ. ಆ ಮುದುಕಿಯ ಮೈಮೇಲೆ ಯಾರು ಕೈ ಹಾಕುತ್ತಾರೆ?

ಮಧ್ಯಾಹ್ನದಿಂದ ಮನೆಮನೆಗೆ ಹೋಗಿ ಕೇಳಿದೆ. ಇಷ್ಟು ದಿನ ನಾನು ಕೇಳದಿದ್ದಾಗ ಎಲ್ಲರಿಗೂ ಹೇಳಲು ಇರುತ್ತಿತ್ತು. ಇವತ್ತು ಕೇಳಿದರೆ ಯಾರ ಬಾಯಲ್ಲೂ ಮಾತಿಲ್ಲ. "ನೀವು ಹೇಳಿದ್ದ ಖರೆ ಸಾವಕಾರ್ರ" ಎನ್ನುತ್ತಾರೆ. ನಾನು ಏನೂ ಹೇಳಿಲ್ಲವಲ್ಲ! ಗಂಗಾರಾಮನೊಬ್ಬನೇ ಬಾಯಿ ಬಿಟ್ಟ.

"ಸುಮ್ಮನ ಇದ್ದಬಿಡ್ರಿ. ದೇವರದು ದೇವರ ಒಯ್ತಾನ. ಪಾಪ ಯಾರ ತಲಿಮ್ಯಾಗೂ ಬರೂದಿಲ್ಲ."

ಇದು ನನಗೂ ಹಿಡಿಸಿತು ಎಂದು ಇಲ್ಲಿ ಬರೆಯಲೇಬೇಕು. ಏನೂ ಮಾಡದೆ ಇದ್ದರೆ ಯಾರೂ ನನ್ನನ್ನು ಏನೂ ಅನ್ನುವುದಿಲ್ಲ. ಸುಮ್ಮನಿರುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ.

ಜುಲೈ ೧೫, ಮಂಗಳವಾರ

ನಸುಕಿನಲ್ಲೇ ಹೋದೆ. ಹೋರಿ ಹಿಂಗಾಲು ಸೋತು ಕೂತುಬಿಟ್ಟಿತ್ತು, ಆದರೂ ಕೂಗು ನಿಂತಿರಲಿಲ್ಲ. ದುಂಡವ್ವ ಮರದಿಂದ ಹತ್ತು ಮಾರು ಆಚೆ ಕೂತು, ಅದು ಕೂಗಿದಾಗಲೆಲ್ಲ "ಇದೀನಪಾ, ಇಲ್ಲೇ ಇದೀನಿ" ಎನ್ನುತ್ತಿದ್ದಳು. ನಾನೂ ನೆಲದ ಮೇಲೆ ಕೂತೆ.

"ಆಯಿ, ನೀ ಹೂಂ ಅಂದ್ರ ಮಾತ್ರ ಸಹಿ ಮಾಡ್ತೀನಿ. ಒಲ್ಲೆ ಅಂದ್ರ ಇಲ್ಲ."

ಮುದುಕಿ ನನ್ನ ಕಡೆ ತಿರುಗಿದಳು.

"ನನ್ನ ಬಾಯಿಂದ ಹೇಳಸಾಕ ಬಂದಿಯೇನೋ ಬಾಬಾ? ನಾ ಹೂಂ ಅಂದ್ರ ಮಗನ್ನ ನಾನ ಕೊಂದಂಗಾತು. ಒಲ್ಲೆ ಅಂದ್ರ ಅಂವ ಹಿಂಗ ಒದ್ದಾಡ್ಲಿ ಅಂತ ನಾನ ಬೇಡಿದಂಗಾತು. ಎರಡೂ ನನ್ನ ಉಡಿಗೇ ಹಾಕ್ತಿ."

"ಮತ್ಯಾರನ್ನ ಕೇಳ್ಲಿ?"

"ಊರ ತುಂಬ ಕೇಳಿ ಬಂದಿ ಅಂತಲ್ಲ, ಮಲಕಾರಿ ಹೇಳಿದ. ಸಾಕು. ಕೇಳೂದು ಮುಗೀತು. ಇನ್ನ ನೀ ಹೇಳು. ನಾ ನಿನ್ನ ಬೈತೀನಿ."

ನನಗೆ ಅರ್ಥವಾಗಲಿಲ್ಲ.

"ಬೈತೀನಿ ಅಂದ್ನಿ. ಬಾಯಿಗೆ ಬಂದಂಗ ಬೈತೀನಿ. ಮಾದೇವ ಹೊಳಿಗೆ ಹೋಗಿ ಹೆಣಾ ಆಗಿ ಬಂದಾಗ ಯಾರನ್ನ ಬೈಬೇಕಾಗಿತ್ತು ನಾ? ಕರೆಂಟಿಗೆ ಬೈಲೇನು? ಒಬ್ಬರರ ಬೇಕಲ್ಲೋ ಬೈಯಾಕ."

ಇಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ಹೋರಿ ಕೂಗುತ್ತಲೇ ಇತ್ತು.

ಮನೆಗೆ ಬಂದು ಅನುಸೂಯಾಳಿಗೆ ಹೇಳಿದೆ. ಅವಳು ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟಳು. ಪ್ರಾಜಕ್ತಾಳಿಗೆ ಫೋನು ಮಾಡಿದೆ. ನಾಳೆ ಬೆಳಿಗ್ಗೆ ಬರುತ್ತಾಳೆ, ಬೇರೆ ಊರಿನಿಂದ ಔಷಧ ತರಿಸಬೇಕಂತೆ.

ಜುಲೈ ೧೬, ಬುಧವಾರ

ಆಯಿತು.

ಪಂಚಾಯಿತಿಯ ಪರವಾಗಿ ಎಂದು ಬರೆದು ಸಹಿ ಮಾಡಿರಿ, ಎಲ್ಲರ ಮೇಲೂ ಹಂಚಿಹೋಗುತ್ತದೆ ಎಂದು ಗಂಗಾರಾಮ ಅಂದ. ಮನಸ್ಸಿಗೆ ಬರಲಿಲ್ಲ. ಮಾಲೀಕ ಎಂದಿರುವ ಕಡೆ ನನ್ನ ಹೆಸರನ್ನೇ ಬರೆದೆ. ಪ್ರಾಜಕ್ತಾ ಮೊದಲು ನಿದ್ದೆಯ ಔಷಧ ಕೊಟ್ಟಳು. ಕೂಗು ನಿಂತಿತು. ಊರು ಇಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕೇಳಿರಲಿಲ್ಲ. ಆಮೇಲಿನ ಇಂಜೆಕ್ಷನ್ ಕೊಡುವಾಗ ಅವಳ ಕಣ್ಣಲ್ಲೂ ನೀರಿತ್ತು. ನಾನು ಕೊನೆಯವರೆಗೂ ಅಲ್ಲೇ ನಿಂತಿದ್ದೆ.

ಊರ ದನ ಮೇಯುವ ಗಾಯರಾಣದಲ್ಲಿ ಆಳವಾಗಿ ತೋಡಿಸಿ, ಸುಣ್ಣ, ಉಪ್ಪು ಹಾಕಿ ಇಳಿಸಿದೆವು. ಊರೆಲ್ಲ ಬಂದಿತ್ತು. ಹೆಂಗಸರು ದೂರದಿಂದ ರೊಟ್ಟಿ ಹಾಕಿದರು. ಮಣ್ಣು ಎಳೆಯಲು ಶುರು ಮಾಡಿದ ಕೂಡಲೇ ದುಂಡವ್ವ ನನ್ನ ಮುಂದೆ ಬಂದು ನಿಂತಳು.

"ನಿನ್ನ ದ್ರಾಕ್ಷಿ ಬಳ್ಳಿಗೆ ಬೆಂಕಿ ಬೀಳ್ಲಿ! ಸಹಿ ಮಾಡಿದ ಕೈ ಸೇದಿ ಹೋಗ್ಲಿ! ದೇವರ ಕೂಸು ತಿಂದಿ ನೀ, ನಿನಗ ಅನ್ನ ಸೇರಬಾರದು!"

ಇನ್ನೂ ಏನೇನೋ. ಎಲ್ಲವನ್ನೂ ಬರೆಯುವುದಿಲ್ಲ. ಗಂಗಾರಾಮ ಅವಳನ್ನು ಹಿಡಿದು ಹಿಂದಕ್ಕೆ ಎಳೆಯಲು ಹೋದ. "ಬಿಡೋ, ಬೈಲಿ" ಎಂದೆ. ನಿನ್ನೆ ಅವಳೇ ಹೇಳಿದ್ದಳು, ಬರುತ್ತದೆಂದು ಗೊತ್ತಿತ್ತು. ಆದರೂ ಒಂದೊಂದು ಮಾತೂ ಎದೆಗೆ ನಾಟಿತು. ಅವಳು ಹುಸಿಯಾಗಿ ಬೈಯಲಿಲ್ಲ.

ಜುಲೈ ೧೭, ಗುರುವಾರ

ಬೆಳಿಗ್ಗೆ ಬಾಗಿಲು ತೆಗೆದರೆ ದುಂಡವ್ವ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಮುಖ ನೋಡದೆ, "ದವಾಖಾನಿಗೆ ನಡಿ" ಎಂದಳು ನನ್ನ ಹಿಂದೆ ಬಂದ ಅನುಸೂಯಾಳಿಗೆ. ಅನುಸೂಯಾ ನನ್ನನ್ನು ನೋಡಿದಳು. ನಾನು ಮೋಟರ್ ಸೈಕಲ್ ಹೊರಗೆ ತೆಗೆದೆ. ಮುದುಕಿ ಹಿಂದೆ ಹತ್ತಿ ಕೂತಳು.

ಐನಾಪುರದ ದಾರಿ ಹಿಡಿಯುತ್ತಿದ್ದಂತೆ ಬೈಗುಳ ಶುರುವಾಯಿತು. ನನಗೆ, ನನ್ನ ಅಪ್ಪನಿಗೆ, ನನ್ನ ಅಧ್ಯಕ್ಷಗಿರಿಗೆ, ನನಗೆ ಓಟು ಹಾಕಿದ ತನ್ನದೇ ಕೈಗೆ. ಗುಂಡಿ ಬಂದಾಗ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡು ಬೈದಳು, ಗುಂಡಿ ದಾಟಿದ ಮೇಲೆ ಬಿಟ್ಟು ಬೈದಳು. ಆಸ್ಪತ್ರೆಯಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ತೋಳು ಚಾಚಿದಳು. ಗಾಯವಿದ್ದ ಬೆರಳುಗಳ ಸುತ್ತಲೂ ಸೂಜಿ ಚುಚ್ಚಿದರು. ಅದು ನೋವಾಗುತ್ತದೆ, ನಾನೇ ಬೇರೆ ಕಡೆ ನೋಡಿದೆ. ಅವಳು ಬೆರಳು ಹಿಂದಕ್ಕೆ ಎಳೆಯಲಿಲ್ಲ. ಇನ್ನೂ ಕೆಲವು ಸಲ ಕರೆದುಕೊಂಡು ಬರಬೇಕು, ಒಂದನ್ನೂ ತಪ್ಪಿಸಬೇಡಿ ಎಂದು ನರ್ಸಬಾಯಿ ನನಗೆ ಹೇಳಿದರು.

ಬರುವಾಗ ಮತ್ತೆ ಬೈಯಲು ಹಿಡಿದಳು. ಬೈಗುಳದ ನಡುನಡುವೆ ಈಗ ಮಾದೇವ ಬರತೊಡಗಿದ. ಯಾವ ಮಾದೇವ, ಮಗನೋ ಹೋರಿಯೋ ನನಗೂ ತಿಳಿಯಲಿಲ್ಲ, ಅವಳಿಗೂ ತಿಳಿದಿತ್ತೋ ಇಲ್ಲವೋ. ಅವನ ನಡಿಗೆ ಹೀಗಿತ್ತು, ಅವನಿಗೆ ಇಂಥದ್ದು ಸೇರುತ್ತಿತ್ತು, ಅವನನ್ನು ನೀನು ತಿಂದೆ, ನಿನಗೆ ಒಳ್ಳೆಯದಾಗುವುದಿಲ್ಲ. ಅಳುತ್ತಿದ್ದಳು. ನನ್ನ ಅಂಗಿಯ ಬೆನ್ನು ಒದ್ದೆಯಾಯಿತು.

ಊರ ಅಗಸಿಬಾಗಿಲು ಬಂತು. ಮುದುಕಿಯ ಮಾತು ಇನ್ನೂ ಮುಗಿದಿರಲಿಲ್ಲ. ನಾನು ಊರೊಳಗೆ ತಿರುಗಿಸದೆ ಹೊಳೆಯ ರಸ್ತೆ ಹಿಡಿದು ಇನ್ನೊಂದು ಸುತ್ತು ಹಾಕಿದೆ.